ಬಾಣಂತಿ ಖೋಲಿಯ ನೆಲ

ಅಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದ ವಾರವೇ ಅಪ್ಪ ಒಂದು ಟ್ರ್ಯಾಕ್ಟರ್ ಕೆರೆಮಣ್ಣು ತರಿಸಿದರು. ರಾಣೇಬೆನ್ನೂರಿನ ಆಚೆಗಿರುವ ನಮ್ಮೂರಿನಲ್ಲಿ ಕೆರೆ ಬತ್ತಿದ ಬೇಸಿಗೆಯಲ್ಲಿ ಎಲ್ಲರೂ ತಳದ ಕಪ್ಪು ಹೂಳನ್ನು ಬಗೆದು ತರುತ್ತಾರೆ. ಹೆಚ್ಚಿನದು ಹೊಲಕ್ಕೆ, ಮಿಕ್ಕಿದ್ದು ಮನೆಗೆ. ನಮ್ಮ ಮನೆಗೆಲ್ಲ ಟೈಲ್ಸ್ ಹಾಕಿಸಿದ್ದರೂ ಹಿತ್ತಲ ಕಡೆಯ ಖೋಲಿಯ ನೆಲ ಮಾತ್ರ ಮಣ್ಣಿನದು. ಬಾಣಂತಿಯರಿಗೆ ಟೈಲ್ಸಿನ ಥಂಡಿ ತಟ್ಟಬಾರದೆಂದು ಅಜ್ಜಿ ಅದನ್ನು ಹಟದಿಂದ ಉಳಿಸಿಕೊಂಡಿದ್ದಳು. ಪ್ರತಿ ಹೆರಿಗೆಗೂ ಮುಂಚೆ ಆ ನೆಲಕ್ಕೆ ಹೊಸ ಕೆರೆಮಣ್ಣು ಮೆತ್ತಬೇಕು.

ಕೆರೆಯ ಮೇಲ್ಗಡೆ ಹಿಂದೊಂದು ಬಣ್ಣದ ಕಾರ್ಖಾನೆ ಇತ್ತು. ಅದರ ಕೊಳಕು ನೀರು ಹಳ್ಳ ಹಿಡಿದು ಕೆರೆಗೆ ಬರುತ್ತಿತ್ತು. ಕಾರ್ಖಾನೆ ಮುಚ್ಚಿತು, ನೀರು ತಿಳಿಯಾಯಿತು, ಬೆಳ್ಳಕ್ಕಿ ಬಂದವು. ನೀರನ್ನು ತಪಾಸಣೆ ಮಾಡಿದವರು ಚೆನ್ನಾಗಿದೆ ಎಂದರು. ಅವರು ಸುಳ್ಳು ಹೇಳಿರಲಿಲ್ಲ. ನಾನು ಧಾರವಾಡದಲ್ಲಿ ಓದಿದ್ದು ಇದನ್ನೇ. ಕೆಲವು ವಿಷಗಳು ನೀರಿನಲ್ಲಿ ಕರಗುವುದಿಲ್ಲ. ಅವು ಕೆಸರಿಗೆ ಅಂಟಿಕೊಂಡು ತಳದಲ್ಲಿ ಕೂರುತ್ತವೆ, ಮೇಲಿನ ನೀರು ನಿಜಕ್ಕೂ ಶುದ್ಧವಾಗುತ್ತದೆ. ಆ ಕೆಸರನ್ನು ಎತ್ತಿ ಒಣಗಿಸಿದರೆ ಅವು ಗಾಳಿಗೆ ಏಳುತ್ತವೆ. ಕಾವು ಹೆಚ್ಚಿದಷ್ಟೂ ಬೇಗ ಏಳುತ್ತವೆ.

ಅಂಗಳದ ಮಣ್ಣಿನ ರಾಶಿಗೆ ಮಧ್ಯಾಹ್ನದ ಬಿಸಿಲು ಬಿದ್ದಾಗ, ಬಟ್ಟೆಗಳ ನಡುವೆ ಇಡುವ ಡಾಂಬರು ಗುಳಿಗೆಯ ವಾಸನೆ ಬರುತ್ತಿತ್ತು. ಅಪ್ಪನಿಗೆ ಹೇಳಿದೆ.

‘ನೀರು ಛಲೋ ಐತಿ ಅಂತ ಅವರ ಹೇಳ್ಯಾರಲ್ಲವಾ,’ ಎಂದರು ಅಪ್ಪ.

‘ಅವರು ನೀರು ನೋಡ್ಯಾರಪ್ಪಾ. ಮಣ್ಣು ನೋಡಿಲ್ಲ.’

ಸೆಗಣಿ ಕಲಸುತ್ತಿದ್ದ ಅಜ್ಜಿ ತಲೆಯೆತ್ತಲಿಲ್ಲ. ‘ನಿಮ್ಮಪ್ಪನ್ನ ಹಡದು ಇದ ಖೋಲ್ಯಾಗ ಮಲಗಿದ್ದೆ. ಆವಾಗ ಮಣ್ಣಿನ ಜಾತಕ ಬರಿಯಾಕ ನೀ ಇರಲಿಲ್ಲ ನೋಡು, ಅದಕ್ಕ ಬದುಕ್ಯಾನ.’

ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಪ್ಪ ಹುಟ್ಟಿದಾಗ ಕಾರ್ಖಾನೆ ಇರಲಿಲ್ಲ ಎಂದು ನಾನು ಹೇಳಿದ್ದು ಆ ನಗುವಿನಲ್ಲಿ ಯಾರಿಗೂ ಕೇಳಲಿಲ್ಲ.

ಕೂಸು ಹುಟ್ಟಿತು, ಗಂಡು. ತಾಯಿ ಮಗುವನ್ನು ಖೋಲಿಯೊಳಗೆ ಬಿಟ್ಟು ಬಾಗಿಲು ಹಾಕಿದರು. ಕಿಟಕಿಯ ಸಂದಿಗೆಲ್ಲ ಹಳೆಯ ಕೌದಿ ತುರುಕಿದರು. ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಗೆ ಇಟ್ಟರು. ಹೊಸದಾಗಿ ಮೆತ್ತಿದ ನೆಲ ಬೆಚ್ಚಗಾಯಿತು, ಅದೇ ವಾಸನೆ ಎದ್ದಿತು. ಲೋಬಾನದ ಹೊಗೆಯಲ್ಲಿ ಅದು ನನ್ನೊಬ್ಬಳಿಗೇ ಗೊತ್ತಾಗುತ್ತಿತ್ತೋ ಏನೋ.

ಗಂಟಲು ಬಿಚ್ಚಿ ಅಳುತ್ತಿದ್ದ ಕೂಸು ಕೆಲವೇ ದಿನಗಳಲ್ಲಿ ಸಣ್ಣಗೆ ಕೊಂಯ್ಗುಡತೊಡಗಿತು. ಉಸಿರೆಳೆದಾಗ ಪಕ್ಕೆಯ ಚರ್ಮ ಒಳಗೆ ಹೋಗುತ್ತಿತ್ತು. ಥಂಡಿ ಆಗಿದೆ ಎಂದು ಅಜ್ಜಿ ಕೆಂಡ ಹೆಚ್ಚಿಸಿದಳು. ಉಸಿರಾಟ ಇನ್ನೂ ಕೆಟ್ಟಿತು. ಬಾಗಿಲ ಕೆಳಗೂ ಗೋಣಿಚೀಲ ಒತ್ತಿದಳು.

ಒಂದು ಮಧ್ಯಾಹ್ನ ಅಜ್ಜಿ ಸಾವಿನ ಮನೆಗೆ ಹೋಗಿದ್ದಾಗ ನಾನು ಕೌದಿ ಕಿತ್ತು ಕಿಟಕಿ ತೆರೆದೆ. ಅಕ್ಕ ನಿದ್ದೆಯಲ್ಲಿದ್ದಳು. ಕೂಸಿನ ಎದೆಯ ಮೇಲೆ ಕೈಯಿಟ್ಟು ಕುಳಿತೆ. ಉಸಿರು ನಿಧಾನವಾಗಿ ಸಡಿಲಗೊಂಡಿತು. ಬರೀ ನನಗೆ ಹಾಗನ್ನಿಸಿತೇ ಎಂದು ಮತ್ತೆ ಮತ್ತೆ ನೋಡಿದೆ. ಇಲ್ಲ, ಸಡಿಲವಾಗಿತ್ತು.

ತಿರುಗಿ ಬಂದ ಅಜ್ಜಿ ಕಿಟಕಿ ಮುಚ್ಚಿ, ಅಗ್ಗಿಷ್ಟಿಗೆಯನ್ನು ಕೆಂಡದಿಂದ ತುಂಬಿಸಿದಳು. ದೀಪ ಹಚ್ಚುವ ಹೊತ್ತಿಗೆ ಕೂಸಿನ ತುಟಿ ನೀಲಿಯಾಗಿತ್ತು.

ಹಾವೇರಿಯ ಆಸ್ಪತ್ರೆಯಲ್ಲಿ ಡಾಕ್ಟರು ಎದೆಯಲ್ಲಿ ಕಫ ಕಟ್ಟಿದೆ, ಬೆಚ್ಚಗಿಡಿ ಎಂದರು. ಅಜ್ಜಿ ನನ್ನತ್ತ ತಿರುಗಿದಳು. ‘ಕೇಳಿದಿ?’

ಬ್ಯಾಡಗಿಯಿಂದ ಬಂದ ಅಕ್ಕನ ಅತ್ತೆ ಕಾರಿಡಾರಿನಲ್ಲಿ ನನ್ನ ಪಕ್ಕದಲ್ಲೇ ಕುಳಿತು ಅವ್ವನಿಗೆ ಹೇಳಿದರು: ‘ಬೀಗ್ತಿ, ನಿಮ್ಮ ಸಣ್ಣ ಮಗಳಿಗೆ ಲಗೂ ಲಗ್ನ ಮಾಡ್ರಿ. ಮಂದಿ ಕೂಸಿನ ಮ್ಯಾಲೆ ಕಲಿಯೂದು ತಪ್ಪತೈತಿ.’

ಅವ್ವ ತಲೆ ತಗ್ಗಿಸಿದಳು. ನಾನು ಅಕ್ಕನನ್ನು ನೋಡಿದೆ. ಅವಳಾದರೂ ವಾಸನೆಯ ವಿಷಯ ಹೇಳಬಹುದಿತ್ತು, ಅಷ್ಟು ದಿನ ಅದರಲ್ಲೇ ಮಲಗಿದ್ದವಳು. ‘ನನ್ನ ಮಗನ್ನ ಮುಟ್ಟಬ್ಯಾಡ,’ ಎಂದಳು. ದನಿ ಏರಿಸಲಿಲ್ಲ.

ಕೂಸು ಬದುಕಿತು. ಆಸ್ಪತ್ರೆಯಿಂದ ನೇರ ಬ್ಯಾಡಗಿಗೆ ಕರೆದೊಯ್ದರು. ಅಲ್ಲಿ ಸಿಮೆಂಟಿನ ನೆಲ. ತಿಂಗಳೊಳಗೆ ಮೈ ತುಂಬಿಕೊಂಡು ಗುಂಡಗಾಯಿತು. ನನ್ನ ಕೈಯಿಂದ ದೂರವಾದ ಮೇಲೆ ಚೇತರಿಸಿತು ಎಂದು ಮನೆಯವರೆಲ್ಲ ಒಪ್ಪಿಕೊಂಡರು. ಅವರ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿ ಕೂಡುತ್ತಿತ್ತು. ನನ್ನ ಬಳಿ ಪುರಾವೆ ಏನಿದೆ? ಆ ಮಣ್ಣನ್ನು ಯಾರೂ ಪರೀಕ್ಷಿಸಿಲ್ಲ. ನನಗೆ ಗೊತ್ತಿರುವುದು ಒಂದು ವಾಸನೆ, ಒಂದು ಮಧ್ಯಾಹ್ನ.

ಕಾಕಾನ ಮಗಳ ಹೆರಿಗೆಗೆ ಮುಂಚೆ ಅಜ್ಜಿ ಗೌಂಡಿಯನ್ನು ಕರೆಸಿ ಆ ಕಿಟಕಿಗೆ ಇಟ್ಟಿಗೆ ಕಟ್ಟಿಸಿದಳು. ಉಳಿದಿದ್ದ ಕೆರೆಮಣ್ಣಿನಿಂದ ನೆಲಕ್ಕೆ ಇನ್ನೊಂದು ಸಲ ಮೆತ್ತಿಸಿದಳು. ಈ ಸಲ ನೀ ಬರಬ್ಯಾಡ ಎಂದು ಅವ್ವ ಮೊದಲೇ ಹೇಳಿದ್ದರಿಂದ ನಾನು ಧಾರವಾಡದಲ್ಲೇ ಉಳಿದೆ. ಮೊನ್ನೆ ಫೋನ್ ಮಾಡಿದಾಗ ಅವ್ವ ಹೆಣ್ಣು ಕೂಸು ಎಂದಳು, ಲಕ್ಷಣವಾಗಿದೆ ಎಂದಳು. ಆಮೇಲೆ, ‘ನಿನ್ನಿಯಿಂದ ಯಾಕೋ ಎದಿ ಗೊರಗೊರ ಅಂತೈತಿ. ನಿಮ್ಮಜ್ಜಿ ಬೆಂಕಿ ಜಾಸ್ತಿ ಮಾಡ್ಯಾಳ,’ ಎಂದಳು.