ಹಳದಿ ಗುಳಿಗೆ ನಿಂತ ದಿನ

ನನ್ನ ಎದೆಯ ಗುಳಿಗೆಯ ಡಬ್ಬಿ ತೆಗೆದರೆ ಹುಳಿ ಹುಳಿ ನಾತ. ಇವತ್ತು ಬೆಳಿಗ್ಗೆ ಅದು ಮೂಗಿಗೆ ಬಡಿದದ್ದೇ ತಡ, ಎಂದೋ ಸತ್ತ ನಮ್ಮವರು ಕಣ್ಣ ಮುಂದೆ ಬಂದು ಕೂತರು. ಬೇರೆ ಹೆಂಗಸರಿಗೆ ಗಂಡನ ನೆನಪು ಮಲ್ಲಿಗೆಯಿಂದ ಬರುತ್ತದಂತೆ. ನನಗೆ ಬಂದದ್ದು ಇದರಿಂದ. ಇರಲಿ, ಪಾಲಿಗೆ ಬಂದದ್ದು ಪಂಚಾಮೃತ.

ನಾವು ಇಳಕಲ್ಲಿನಲ್ಲಿ ಸೀರೆ ನೇಯುವವರು. ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ಒಂದು ಮಧ್ಯಾಹ್ನ ನಮ್ಮವರು ಕಾಲು ಇಳಿಬಿಟ್ಟು ನೇಯುವ ಮಗ್ಗದ ಕುಣಿಯಲ್ಲಿ ಕೂತಲ್ಲೇ ಎದೆ ಹಿಡಿದುಕೊಂಡರು. ಬಾಗಲಕೋಟೆಯ ದವಾಖಾನೆಗೆ ಒಯ್ದೆವು. ಅಲ್ಲಿನ ಮುದಿ ಡಾಕ್ಟರು, ರಕ್ತ ಗಂಟು ಕಟ್ಟಬಾರದು ಎಂದು ಎರಡು ಗುಳಿಗೆ ಬರೆದರು. ಒಂದು ಹಳದಿ, ಬಹಳ ತುಟ್ಟಿ, ಹುಬ್ಬಳ್ಳಿಯಿಂದ ತರಿಸಬೇಕು. ಇನ್ನೊಂದು ಬಿಳಿ, ಇದೇ ಹುಳಿ ನಾತದ್ದು, ತಲೆನೋವಿಗೆಂದು ಕಿರಾಣಿ ಅಂಗಡಿಯಲ್ಲೂ ಸಿಗುವ ಮಾಲು.

ನಮ್ಮವರಿಗೆ ಹಳದಿಯೇ ದೇವರು. ಬಂದವರಿಗೆಲ್ಲ ಅಂಗೈ ಮೇಲಿಟ್ಟು ತೋರಿಸುತ್ತಿದ್ದರು. "ಇದರ ತಿಂಗಳ ರೊಕ್ಕದಾಗ ಒಂದ್ ಆಡು ಬರತೈತಿ, ಗೊತ್ತೇನು?" ನೋಡಿ, ಎದೆರೋಗ ಬಂದ ಮೇಲೆ ಓಣಿಯಲ್ಲಿ ಅವರ ತೂಕ ಹೆಚ್ಚಿತ್ತು.

ಕೆಲವು ವರ್ಷ ಹೀಗೇ ಹೋಯಿತು. ಮುದಿ ಡಾಕ್ಟರ ಕುರ್ಚಿಗೆ ಎಳೆಯ ಡಾಕ್ಟರು ಬಂದರು. ಬಂದವರೇ ಹಳದಿಯ ಮೇಲೆ ಗೀಟು ಎಳೆದರು. "ಈಗ ಇದನ್ನ ಭಾಳ ಬರಿಯೂದಿಲ್ರಿ. ಬಿಳೀದು ಒಂದ ಸಾಕು. ಅದನ್ನ ಮಾತ್ರ ಬಿಡಬ್ಯಾಡ್ರಿ, ಬಿಟ್ರ ಜೀವಕ್ಕ ಕೇಡು."

ರೊಕ್ಕ ಉಳಿಯಿತೆಂದು ನನಗೆ ಹಬ್ಬ. ನಮ್ಮವರ ಮುಖ ಬಿತ್ತು. ಊರಿಗೆ ಬಸ್ಸು ಹತ್ತಿದೆವು. ಹುನಗುಂದ ದಾಟಿದ ಮೇಲೆ ಬಾಯಿಬಿಟ್ಟರು: "ಡಾಕ್ಟರ ಕೈ ಬಿಟ್ಟಾನ. ಸಾಯೋ ಎತ್ತಿಗೆ ಯಾರ ಹಿಂಡಿ ಹಾಕ್ತಾರ?"

ಮರುದಿನದಿಂದ ಬಿಳಿಯದನ್ನೂ ಬಿಟ್ಟರು. ಮಗ್ಗಕ್ಕೆ ಇಳಿಯಲಿಲ್ಲ. ಸಾಯಲು ಕೂತವರ ನಾಲಿಗೆ ಮಾತ್ರ ಸಾಯಲಿಲ್ಲ. ದಿನಾ ಹೋಳಿಗೆ ಬೇಡಿದರು. ಹುನಗುಂದದ ತಂಗಿಗೆ ಹೇಳಿಕಳಿಸಿದರು. ಆ ನನ್ನ ನಾದಿನಿ ಬುತ್ತಿ ಕಟ್ಟಿಕೊಂಡು ಬಂದು, ಹೊಸ್ತಿಲಲ್ಲೇ ಅಳು ಶುರುಮಾಡಿದಳು: "ಅಣ್ಣಾ, ನನ್ನ ಬಿಟ್ಟ ಹೊಂಟೇನೋ!"

ನನಗೆ ನಗು, ಒಳಗೆ ಹೆದರಿಕೆ. ನಾಲ್ಕು ಹೆಜ್ಜೆಗೆ ಅವರಿಗೆ ಏದುಸಿರು ಬರುತ್ತಿತ್ತು. ಹೀಗೇ ಬಿಟ್ಟರೆ ಈ ಮನುಷ್ಯ ಖರೇನೇ ಹೋಗುತ್ತಾನೆ.

ಕೊನೆಗೆ ಅವರು ಅರ್ಧಕ್ಕೆ ಬಿಟ್ಟ ಸೀರೆ ತೋರಿಸಿದೆ. ನಮ್ಮ ಸೀರೆಯ ಒಡಲು ಹತ್ತಿ, ಸೆರಗು ರೇಷ್ಮೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುತ್ತೇವೆ.

"ರೇಷ್ಮಿ ತುಟ್ಟಿ, ಖರೆ. ಬರೇ ಸೆರಗ ಕೊಟ್ರ ನಿಮ್ಮ ತಂಗಿ ಉಟ್ಟಗೊಂಡ ಓಣ್ಯಾಗ ಬರ್ತಾಳೇನು?"

ನಾದಿನಿಯ ಅಳು ನಿಂತಿತು. "ಏ ವೈನಿ, ನನ್ನ ಯಾಕ ಎಳೀತಿ ನಡುವ?"

"ಮಾನ ಮುಚ್ಚೂದು ಹತ್ತಿ. ನುಂಗ್ರಿ ಈ ಬಿಳೀದು. ಸಾಯೋದಿದ್ರ ಆ ಸೀರಿ ನೇದು ಇಳಿಸಿ ಸಾಯ್ರಿ."

ನಮ್ಮವರು ಸೀರೆ ನೋಡಿದರು, ನನ್ನನ್ನು ನೋಡಿದರು. "ನೀರ ಕೊಡ" ಎಂದರು. ನುಂಗಿ, ಮುಖ ಹಿಂಡಿ, "ಹೋಳಿಗಿ?" ಎಂದರು.

"ಸಾಯೂದು ರದ್ದಾತಲ್ಲ, ಇನ್ನ ರೊಟ್ಟಿ."

ಆಮೇಲೆ ಬಹಳ ವರ್ಷ ಬದುಕಿ ನನ್ನ ತಲೆ ತಿಂದರು. ಗುಳಿಗೆಯಿಂದಲೋ ಹಟದಿಂದಲೋ, ನನಗೆ ಗೊತ್ತಿಲ್ಲ.

ಹೋದ ವರ್ಷ ನನಗೂ ಎದೆನೋವು ಬಂದು, ಈಗ ಬಿಳಿ ಗುಳಿಗೆ ನನ್ನ ಪಾಲಿಗೆ ಬಂದಿದೆ. ಜೊತೆಗೆ ಇನ್ನೊಂದು ತುಟ್ಟಿಯದೂ ಇತ್ತು. ನಿನ್ನೆ ಡಾಕ್ಟರು, "ಅಜ್ಜಿ, ವರ್ಷ ಆತು, ಇದನ್ನ ನಿಲ್ಲಸೂಣು" ಎಂದರು. ನನ್ನ ಬಾಯಿಂದ ಬಂದದ್ದು ಅದೇ ಮಾತು:

"ನನ್ನ ಕೈ ಬಿಟ್ಟೇನಪಾ?"

ಮೊಮ್ಮಗನಂಥ ಡಾಕ್ಟರು ನಕ್ಕರು. ನಾನು ನಗಲಿಲ್ಲ. ಅವತ್ತು ಆ ಬಸ್ಸಿನಲ್ಲಿ ನಮ್ಮವರಿಗೆ ಏನನ್ನಿಸಿತ್ತೆಂದು ನನಗೆ ತಿಳಿಯಲು ಇಷ್ಟು ವರ್ಷ ಬೇಕಾಯಿತು.

ಬೆಳಿಗ್ಗೆ ಬಿಳಿಯದೊಂದನ್ನೇ ನುಂಗಿದೆ. ಮಧ್ಯಾಹ್ನವಾಯಿತು. ಇನ್ನೂ ಇದ್ದೇನೆ.