ತಿಪ್ಪಕ್ಕ ಬಚ್ಚಿಟ್ಟ ಸಹಿ

“ಮೇಡಂ, ಈ ಕೆಲಸದಾಗೆ ಮುಂದೆ ಬರಾಕೆ ಆಗುತ್ತಾ?”

ಕಳೆದ ತಿಂಗಳು ಚನ್ನಗಿರಿಯಲ್ಲಿ ಹೊಸ ಕಾರ್ಯಕರ್ತೆಯರಿಗೆ ಟ್ರೈನಿಂಗ್ ಕೊಡುತ್ತಿದ್ದಾಗ ಈ ಪ್ರಶ್ನೆ ಬಂತು. ಹಳ್ಳಿಯ ಹೆಂಗಸರಿಗೆ ಓದು ಬರಹ ಕಲಿಸಲೆಂದು ನಮ್ಮ ಸಂಸ್ಥೆ ಆರಿಸಿದ ಹುಡುಗಿಯರು ಅವರು. ಕೇಳಿದವಳು ಬಸವಾಪಟ್ಟಣದ ಸರೋಜ. ಬಿ.ಎ. ಮುಗಿಸಿದ್ದಾಳೆ. “ಸಮಾಜಸೇವೆ ಮಾಡಾಕೆ ನಿನ್ನ ಕಾಲೇಜಿಗೆ ಕಳಿಸಿದ್ನಾ ಅಂತಾರೆ ನಮ್ಮಪ್ಪ” ಎಂದಳು. ಉಳಿದವರು ನಕ್ಕರು. ಆದರೂ ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಅದು ಎಲ್ಲರ ಮನೆಯ ಪ್ರಶ್ನೆಯೂ ಆಗಿತ್ತು.

ಉತ್ತರ ನನ್ನ ಹತ್ತಿರ ಸಿದ್ಧವಿತ್ತು. ಹತ್ತು ವರ್ಷದಿಂದ ಅದೇ ಉತ್ತರ.

ಎಪ್ಪತ್ತೆಂಟು ಎಪ್ಪತ್ತೊಂಬತ್ತರ ಮಾತು. ಎಂ.ಎ. ಮುಗಿಸಿ ಜಗಳೂರು ತಾಲ್ಲೂಕಿನ ಸೊಕ್ಕೆಯಲ್ಲಿ ಹೆಂಗಸರ ತರಗತಿ ನಡೆಸುತ್ತಿದ್ದೆ. ಮಧ್ಯಾಹ್ನ ಉಂಡು ಎದ್ದ ಮೇಲೆ ಒಂದೂವರೆ ತಾಸು. ಒಂದು ದಿನ ದೊಡ್ಡ ಸಾಹೇಬರು ತನಿಖೆಗೆ ಬಂದರು. ಅವತ್ತಿನವರೆಗೆ ಹೆಬ್ಬೆಟ್ಟು ಒತ್ತುತ್ತಿದ್ದ ತಿಪ್ಪಕ್ಕ ಎದ್ದು ಬಂದು, ಎಲ್ಲರೆದುರು ತನ್ನ ಹೆಸರು ಬರೆದಳು. ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ತಿಪ್ಪಕ್ಕನ ಕಣ್ಣಲ್ಲಿ ನೀರು. “ಅವತ್ತು ನನ್ನ ದಾರಿ ನಿಶ್ಚಯವಾಯಿತು” ಎಂದು ಕಥೆ ಮುಗಿಸುತ್ತೇನೆ.

ಹುಡುಗಿಯರು ಈ ಸಲವೂ ಚಪ್ಪಾಳೆ ತಟ್ಟಿದರು. ಸರೋಜ ಮಾತ್ರ, “ತಿಪ್ಪಕ್ಕ ಈಗ ಹೆಂಗಿದಾರೆ ಮೇಡಂ?” ಎಂದಳು.

ಗೊತ್ತಿರಲಿಲ್ಲ. ಹತ್ತು ವರ್ಷ ಅವಳ ಕಥೆ ಹೇಳಿದ್ದೇನೆ, ಒಂದು ಸಲವೂ ಹೋಗಿ ನೋಡಿಲ್ಲ.

ಮನೆಗೆ ಬಂದು ಹಳೆಯ ಡೈರಿ ತೆಗೆದೆ. (ನನ್ನ ನೆನಪಿನ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ, ಈ ಅಂಕಣದ ಓದುಗರಿಗೆ ಇದು ಗೊತ್ತಿರುವ ವಿಷಯವೇ.) ಸಾಹೇಬರು ಬಂದ ದಿನದ ಪುಟ ಸಿಕ್ಕಿತು. ನನ್ನದೇ ಅಕ್ಷರ: “ತನಿಖೆ ಚೆನ್ನಾಗಿ ಆಯಿತು. ಸಹಿ ಎಲ್ಲರಿಗೂ ಬರುತ್ತದೆಂದು ಸಾಹೇಬರಿಗೆ ಸಂತೋಷ. ತಿಪ್ಪಕ್ಕ ಗೈರುಹಾಜರು. ಹೊಲಕ್ಕೆ ಹೋಗಿದ್ದಾಳೆ.”

ಗೈರುಹಾಜರು! ಹಾಗಾದರೆ ಎದ್ದು ಬಂದು ಬರೆದವರು ಯಾರು? ಅತ್ತವರು ಯಾರು?

ಆ ಭಾನುವಾರ ಬಸ್ಸು ಹತ್ತಿದೆ. ದಾವಣಗೆರೆಯಲ್ಲಿ ಇಳಿದು, ಜಗಳೂರಿನಲ್ಲಿ ಬದಲಿಸಿ, ಸೊಕ್ಕೆ ಮುಟ್ಟಿದಾಗ ಹೊತ್ತು ನೆತ್ತಿಗೆ ಬಂದಿತ್ತು. ತಿಪ್ಪಕ್ಕ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿದೆ. ನನ್ನನ್ನು ಕಂಡ ಕೂಡಲೇ ಗುರುತು ಹಿಡಿದಳು.

“ಟೀಚರಮ್ಮಾರಾ? ಬರ್ರಿ, ಕುಂದರ್ರಿ. ದಪ್ಪ ಆಗೀರಿ. ಸಂಬಳ ಜಾಸ್ತಿ ಆಗೈತೆ ಅನ್ರಿ.”

ಆಗಿದೆ ಎಂದೆ. ನಾನೂ ನಾಲ್ಕು ಕಾಯಿ ಸುಲಿಯುತ್ತ ಕೂತೆ. ಆಮೇಲೆ ಕೇಳಿದೆ: “ತಿಪ್ಪಕ್ಕ, ಮೊದಲನೇ ಸಲ ಸಹಿ ಹಾಕಿದ್ದು ನೆನಪಿದೆಯಾ?”

“ಇಲ್ದೇನು? ಬುತ್ತಿ ತಲಿ ಮ್ಯಾಲೆ ಇಟ್ಕೊಂಡು ಹೊಲಕ್ಕೆ ಹೊಂಟಿದ್ದೆ. ನೀವು ಓಡ್ಕೋಂತ ಬಂದ್ರಿ. ಇವತ್ತು ಸಾಹೇಬ್ರು ಬರ್ತಾರೆ, ಒಂದು ಸಹಿ ಹಾಕಿ ಹೋಗು ತಾಯಿ ಅಂದ್ರಿ. ಈ ಕಟ್ಟಿ ಮ್ಯಾಲೇನೇ ಬುಕ್ಕು ಇಟ್ಟು, ಕೈ ಹಿಡ್ದು ಬರೆಸಿದ್ರಿ.”

ಇದು ನನ್ನ ನೆನಪಿನಲ್ಲಿಲ್ಲ. ಡೈರಿಯಲ್ಲೂ ಇಲ್ಲ. ಇಂಥದ್ದನ್ನು ಯಾರು ಡೈರಿಯಲ್ಲಿ ಬರೆಯುತ್ತಾರೆ?

“ಆಮ್ಯಾಲೆ ನಾನೇ ಕಲ್ತೆ” ಎಂದಳು. “ಇದ್ದಿಲು ತಗಂಡು ಗ್ವಾಡಿ ಮ್ಯಾಲೆ ಬರ್ದು ಬರ್ದು. ನಮ್ಮ ಮನಿಯವ್ರು ಬೈಯೋರು, ಸುಣ್ಣ ಯಾರು ಬಳೀತಾರೆ ಅಂತ.”

ಮನೆಯವರು ತೀರಿಕೊಂಡು ಎಂಟು ವರ್ಷವಾಯಿತಂತೆ. ತಿಥಿ ಮುಗಿದ ವಾರಕ್ಕೆ ಮೈದುನ ಆಸ್ತಿ ಪತ್ರ ಬರೆಯುವವನನ್ನು ಮನೆಗೆ ಕರೆದುಕೊಂಡು ಬಂದ. ಗಂಡನ ಪಾಲಿನ ಹೊಲ ನಿನ್ನ ಹೆಸರಿಗೆ ಮಾಡಿಸೋಣ ಎಂದಿದ್ದ. ಊರ ಹಿರಿಯರು ನಾಲ್ಕು ಜನ ಕೂತಿದ್ದರು.

“ಆ ಪತ್ರದವ ಮಸಿ ಡಬ್ಬಿ ತಗದ. ಕಾಗದ ಬಿಚ್ಚಿ ಓದಾಕೆ ಶುರು ಮಾಡ್ದ. ಹೆಬ್ಬೆಟ್ಟಿನೋರಿಗೆ ಓದಿ ಹೇಳೇ ಒತ್ತಿಸ್ಬೇಕಲ್ಲ? ನಾನು ಅಂದೆ, ಡಬ್ಬಿ ಮುಚ್ಚಪ್ಪ, ನಂಗೆ ಸಹಿ ಬರ್ತೈತೆ.”

ತಿಪ್ಪಕ್ಕನ ಕೈ ಶೇಂಗಾದ ಮೇಲೆ ನಿಂತಿತು.

“ಡಬ್ಬಿ ಮುಚ್ಚಿದ. ಬಾಯೂ ಮುಚ್ಚಿದ. ಪೆನ್ನು ಕೊಟ್ಟ. ಹಿರಿಯರೆಲ್ಲ ನೋಡ್ಲಿ ಅಂತ ದೊಡ್ಡಕ್ಷರದಾಗೆ ಬರ್ದೆ.”

ಆ ಕಾಗದದಲ್ಲಿ ಇದ್ದದ್ದೇ ಬೇರೆ. ತನ್ನ ಪಾಲನ್ನು ಮೈದುನನಿಗೆ ಬಿಟ್ಟುಕೊಟ್ಟಿದ್ದೇನೆ ಎಂದು. ಪಹಣಿ ಅವನ ಹೆಸರಿಗಾಯಿತು. ಈಗ ಅದೇ ಹೊಲಕ್ಕೆ ತಿಪ್ಪಕ್ಕ ಕೂಲಿಗೆ ಹೋಗುತ್ತಾಳೆ. ನಾನು ಅಷ್ಟು ಹೊತ್ತು ಸುಲಿಯುತ್ತಿದ್ದದ್ದೂ ಮೈದುನನ ಮನೆಯ ಶೇಂಗಾ.

“ಒಂದು ಸಲ ಓದಿ ನೋಡಬಹುದಿತ್ತಲ್ಲ?” ಎಂದುಬಿಟ್ಟೆ. ಆಡಬಾರದ ಮಾತು.

“ಏನು ಓದ್ಲಿ? ನನ್ನ ಹೆಸರಿನ ಮೂರು ಅಕ್ಷರ ಬಿಟ್ಟು ನೀವು ಮತ್ತೇನು ಕಲಿಸಿದ್ರಿ? ಅಷ್ಟರಾಗೆ ನಿಮಗೆ ಹೊನ್ನಾಳಿಗೆ ವರ್ಗ ಆತು.”

ಸಿಟ್ಟಿನಿಂದ ಹೇಳಲಿಲ್ಲ. ಮಳೆ ಯಾವಾಗ ಬಂತು, ಯಾವಾಗ ಹೋಯಿತು ಎನ್ನುವ ಹಾಗೆ ಹೇಳಿದಳು. ವಕೀಲರನ್ನು ನೋಡೋಣ ಎಂದೆ. “ನೋಡ್ರಿ” ಎಂದಳು, ನಂಬಿಕೆಯೂ ಇಲ್ಲದೆ, ಬೇಡವೆನ್ನದೆ.

ಹೊರಡುವಾಗ ಇನ್ನೊಂದು ಮಾತು ಹೇಳಿದಳು. “ಈಗ ಯಾರ್ ಕೇಳಿದ್ರೂ ಸಹಿ ಬರಲ್ಲ ಅಂತೀನಿ. ಹೆಬ್ಬೆಟ್ಟು ಮುಂದೆ ಮಾಡ್ತೀನಿ. ಆಗ ಓದಿ ಹೇಳ್ತಾರೆ. ಸಹಿ ಮಾಡೋರಿಗೆ ಯಾರು ಓದಿ ಹೇಳ್ತಾರೆ, ನೀವೇ ಹೇಳ್ರಿ.”

(ಓದು ಬಂದ ನಾವಾದರೂ ಓದಿ ಸಹಿ ಹಾಕುತ್ತೇವೆಯೇ? ಬ್ಯಾಂಕಿನವರು ಪೆನ್ಸಿಲಿನಲ್ಲಿ ಗುರುತು ಮಾಡಿದ ಕಡೆಯಲ್ಲೆಲ್ಲ ಹಾಕುತ್ತ ಹೋಗುತ್ತೇವೆ. ನಮ್ಮ ಕೈಯಲ್ಲಿ ಪೆನ್ನಿರುವುದರಿಂದ ನಮ್ಮನ್ನು ಯಾರೂ ತಡೆಯುವುದಿಲ್ಲ.)

ಬಸ್ಸಿನಲ್ಲಿ ಕೂತು ಯೋಚಿಸಿದೆ. ಹೆಸರನ್ನೇ ಮೊದಲು ಯಾಕೆ ಕಲಿಸಿದೆವು? ತನ್ನ ಹೆಸರಿನ ಮೇಲೆ ಯಾರಿಗಾದರೂ ಪ್ರೀತಿ, ಅದರಿಂದ ಉಳಿದ ಅಕ್ಷರಗಳ ಮೇಲೂ ಆಸೆ ಹುಟ್ಟುತ್ತದೆ ಎಂದು ಟ್ರೈನಿಂಗಿನಲ್ಲಿ ಹೇಳುತ್ತೇನೆ. ಅದು ಸುಳ್ಳಲ್ಲ. ಆದರೆ ನಮ್ಮ ರಿಜಿಸ್ಟರಿನಲ್ಲಿ ‘ಸಹಿ ಬರುತ್ತದೆಯೇ’ ಎಂಬ ಕಾಲಂ ಇತ್ತು. ಓದಲು ಬರುತ್ತದೆಯೇ ಎಂಬುದಕ್ಕೆ ಕಾಲಂ ಇರಲಿಲ್ಲ. ನನ್ನ ಕೇಂದ್ರದಲ್ಲಿ ಒಂದು ಗೆರೆಯೂ ಖಾಲಿ ಉಳಿಯಲಿಲ್ಲ. ತನಿಖೆಯಾದ ಮೂರೇ ತಿಂಗಳಿಗೆ ನನ್ನನ್ನು ಹೊನ್ನಾಳಿಗೆ ಸೂಪರ್‌ವೈಸರ್ ಮಾಡಿ ಕಳಿಸಿದರು. ಸಾಸ್ವೆಹಳ್ಳಿ ಕಡೆಯ ಕೇಂದ್ರಗಳನ್ನು ನೋಡಿಕೊಂಡೆ, ಆಮೇಲೆ ನ್ಯಾಮತಿ, ಈಗ ಚನ್ನಗಿರಿಯಲ್ಲಿ ಟ್ರೈನಿಂಗಿನ ಜವಾಬ್ದಾರಿ. ಹೋದಲ್ಲೆಲ್ಲ ನಾನೂ ಕೇಳಿದ್ದು ಅದೊಂದೇ ಪ್ರಶ್ನೆ: ಎಷ್ಟು ಜನಕ್ಕೆ ಸಹಿ ಬರುತ್ತೆ?

ಈ ಕೆಲಸದಲ್ಲಿ ಮುಂದೆ ಬರಬಹುದು. ನಾನು ಬಂದಿದ್ದೇನೆ.

ಮೊನ್ನೆ ಸರೋಜ ಬಂದಾಗ ಇದನ್ನೆಲ್ಲ ಹೇಳಿದೆ. “ಹಂಗಾದ್ರೆ ನಾನು ಮೊದ್ಲು ಏನು ಕಲಿಸ್ಲಿ ಮೇಡಂ?” ಎಂದಳು. ಓದಿ ಹೇಳು ಎಂದು ಕೇಳುವುದನ್ನು ಕಲಿಸು ಎಂದೆ. ಹೇಳುವಾಗ ಸರಿಯಾದ ಉತ್ತರ ಎನಿಸಿತು. ಅದನ್ನು ಬರೆದುಕೊಳ್ಳಲು ರಿಜಿಸ್ಟರಿನಲ್ಲಿ ಜಾಗವೆಲ್ಲಿದೆ ಎಂದು ಅವಳು ಕೇಳಲಿಲ್ಲ.

ಈ ವಾರ ಹೊಸ ರಿಜಿಸ್ಟರು ಅಚ್ಚಿಗೆ ಹೋಗಬೇಕು. ಕರಡು ನನ್ನ ಮೇಜಿನ ಮೇಲಿದೆ. ಕಾಲಂಗಳು ಹಳೆಯವೇ. ಒಪ್ಪಿಗೆಯ ಸಹಿಗೆ ಕೆಳಗೆ ಜಾಗ ಬಿಟ್ಟಿದ್ದಾರೆ.

ನಾನು ಇನ್ನೂ ಹಾಕಿಲ್ಲ.