ಅಜ್ಜಿ ಉಳಿಸಿದ ಮಗು

ಆಗ ಯುದ್ಧದ ಕಾಲ, ಸೀಮೆಎಣ್ಣೆ ಸಿಗುತ್ತಿರಲಿಲ್ಲ. ಗೌನಿಪಲ್ಲಿಯ ಹತ್ತಿರದ ನಮ್ಮೂರಿನಲ್ಲಿ ಸಂಜೆಯಾದರೆ ಮನೆಮನೆಯಲ್ಲೂ ಹೊಂಗೆಎಣ್ಣೆಯ ದೀಪ, ಅದರ ಕಮಟು ವಾಸನೆ. ಆ ಹೊಗೆ ಕುಡಿದು ಬೆಳೆದವರಿಗೆ ಈಗಲೂ ಅದು ಮೂಗಿನಲ್ಲೇ ಇದ್ದೀತು. ತಾಯಿಯಿಲ್ಲದ ನಾನು ಅಜ್ಜಿಯ ಮನೆಯಲ್ಲಿದ್ದೆ. ಮಳೆಯಿರಲಿ ಜ್ವರವಿರಲಿ, ಭಾನುವಾರ ಚರ್ಚು ತಪ್ಪಿಸದ ಹೆಂಗಸು ಅವಳು. ದೀಪ ಹಚ್ಚಿದ ಕೂಡಲೇ ನನ್ನನ್ನೂ ನನ್ನಮ್ಮನ ತಂಗಿ ರೂತ್ ಚಿಕ್ಕಮ್ಮನನ್ನೂ ಚಾಪೆಯ ಮೇಲೆ ಕೂರಿಸಿ ದೇವರ ಹತ್ತು ಆಜ್ಞೆಗಳನ್ನು ಹೇಳಿಸುತ್ತಿದ್ದಳು. ಒಂದು ಮರೆತರೂ ನನಗೆ ಆವತ್ತಿನ ಹುರಿಗಡಲೆ ಬೆಲ್ಲ ಇಲ್ಲ.

ಮಾವು ಹೂ ಬಿಟ್ಟಿದ್ದ ಒಂದು ಮಧ್ಯಾಹ್ನ ನಾನು ಜಗಲಿಯಲ್ಲಿ ಹುಣಸೆಬೀಜ ಹರಡಿಕೊಂಡು ಆಡುತ್ತಿದ್ದೆ. ಅಜ್ಜಿಯ ಅಕ್ಕ ಸೆರಗಿನಡಿ ಚೆಂಬೊಂದನ್ನು ಮುಚ್ಚಿಕೊಂಡು ಒಳಗೆ ಹೋದಳು.

"ಈ ಕಷಾಯ ಕುಡಿಸ್ಬಿಡು ಕಣೇ. ಹೊಟ್ಟೇಲಿರೋದು ಇಳಿದೋಗ್ತದೆ. ಮದುವೆಯಾಗದ ಹುಡುಗಿ, ಮನೆ ಮಾನ ಪರುವು ಹೋಗ್ತದೆ."

"ಅದು ಜೀವ ಕಣಕ್ಕಾ. ದೇವರು ಕೊಟ್ಟಿದ್ದನ್ನ ತೆಗೆಯೋಕೆ ನಾನ್ಯಾರು?" ಎಂದಳು ಅಜ್ಜಿ.

"ನಾಳೆ ಸಾಕೋರ್ಯಾರು?"

"ನಾನ್ ಸಾಕ್ತೀನಿ."

ಅಜ್ಜಿ ಚೆಂಬನ್ನು ಬಚ್ಚಲಿಗೆ ಬಗ್ಗಿಸಿದಳು. ಚಿಕ್ಕಮ್ಮ ಒಲೆಯ ಮುಂದೆ ಕೂತೇ ಇದ್ದಳು. ನಿನ್ನ ಮನಸ್ಸಲ್ಲೇನಿದೆ ಎಂದು ಇಬ್ಬರಲ್ಲಿ ಒಬ್ಬರೂ ಅವಳನ್ನು ಕೇಳಲಿಲ್ಲ.

ಹೊಟ್ಟೆ ಕಾಣುವ ಮೊದಲೇ ಅಜ್ಜಿ ನನ್ನನ್ನು ತನ್ನ ಅಕ್ಕನ ಮನೆಯಲ್ಲಿ ಬಿಟ್ಟು, ಚಿಕ್ಕಮ್ಮನನ್ನು ರಾಯಲ್ಪಾಡಿನಾಚೆಯ ನೆಂಟರಲ್ಲಿಗೆ ಕರೆದೊಯ್ದಳು. ರಾಗಿ ತೆನೆಗಟ್ಟಿದಾಗ ಗಂಡುಮಗುವನ್ನು ಎತ್ತಿಕೊಂಡು ಬಂದರು. "ತಬ್ಬಲಿ ಮಗು, ಸಾಕ್ಕೊಂಡೆ" ಎಂದು ಅಜ್ಜಿ ಊರಿಗೆಲ್ಲ ಹೇಳಿದಳು.

ಮಗುವಿಗೆ ದಾವೀದ ಎಂದು ಹೆಸರಿಟ್ಟಳು. ಅವನು ಅತ್ತಾಗಲೆಲ್ಲ ಚಿಕ್ಕಮ್ಮನ ರವಿಕೆ ಒದ್ದೆಯಾಗುತ್ತಿತ್ತು. ನಾಲ್ಕು ಜನರ ಕಣ್ಣಿಗೆ ಬಿದ್ದೀತೆಂದು ಅಜ್ಜಿ ಮಗುವನ್ನು ತಾನೇ ಎತ್ತಿಕೊಂಡು ಆಡಿನ ಹಾಲು ಕುಡಿಸುತ್ತಿದ್ದಳು. ಮಾತು ಬಂದಾಗ ತನ್ನನ್ನು ಅಮ್ಮ, ಚಿಕ್ಕಮ್ಮನನ್ನು ಅಕ್ಕ ಎನ್ನಲು ಕಲಿಸಿದಳು. ಸಂಜೆಯ ಪ್ರಾರ್ಥನೆ ನಿಲ್ಲಲಿಲ್ಲ. ಕೊಲ್ಲಬಾರದೆಂಬ ಆಜ್ಞೆಯನ್ನು ಅಜ್ಜಿ ಗಟ್ಟಿಯಾಗಿ ಹೇಳುತ್ತಿದ್ದಳು. ಸುಳ್ಳು ಹೇಳಬಾರದೆಂಬುದು ಬಂದಾಗ ಮಾತ್ರ ದೀಪದ ಬತ್ತಿ ಸರಿಮಾಡಲು ಬಗ್ಗುತ್ತಿದ್ದಳು. ಅದೊಂದನ್ನು ನಾನೊಬ್ಬಳೇ ಹೇಳಬೇಕಾಗುತ್ತಿತ್ತು.

ದಾವೀದ ಓಡಾಡುವ ಹೊತ್ತಿಗೆ ಚಿಕ್ಕಮ್ಮನನ್ನು ಕೋಲಾರದ ಕಡೆಗೆ ಮದುವೆ ಮಾಡಿ ಕೊಟ್ಟರು. ಗಾಡಿ ಹೊರಟಾಗ ಅವನು ಹಿಂದೆಯೇ ಓಡಿದ.

"ಅಕ್ಕಾ, ಬರೋವಾಗ ಬತ್ತಾಸು ತಗೊಂಡ್ ಬಾ!"

"ತರ್ತೀನಿ ಕಣೋ" ಎಂದವಳು ಸೆರಗನ್ನು ಬಾಯಿಗೆ ತುರುಕಿಕೊಂಡಳು. ನನಗೂ ಅಳು ತಡೆಯಲಾಗಲಿಲ್ಲ.

ಅವಳಿಗೆ ಮತ್ತೆ ಮಕ್ಕಳಾಗಲಿಲ್ಲ. ಅಜ್ಜಿ ತೀರಿಕೊಂಡು ಎಷ್ಟೋ ವರ್ಷವಾದ ಮೇಲೂ, ಚಿಕ್ಕಮ್ಮ ತನ್ನ ಕೊನೆಯ ಕಾಯಿಲೆಯಲ್ಲಿ, "ಅವನಿಗೆ ಹೇಳ್ಬೇಡ ಕಣೇ. ಅಮ್ಮನ ಪರುವು ಹೋಗ್ತದೆ" ಎಂದು ನನ್ನಿಂದ ಮಾತು ತೆಗೆದುಕೊಂಡಳು.

ಹೊಂಗೆಎಣ್ಣೆಯ ದೀಪ ಹೋಯಿತು, ಆ ಚಾಪೆಯ ಮೇಲೆ ನನ್ನ ಜೊತೆ ಕೂತವರೂ ಹೋದರು. ದಾವೀದನ ಮನೆಯಲ್ಲಿ ಮೊಮ್ಮಕ್ಕಳ ಗಲಾಟೆ ಕೇಳಿದಾಗ, ಅಂದು ಆ ಕಷಾಯ ಚೆಲ್ಲಿದ ಅಜ್ಜಿಗೆ ಮನಸ್ಸಿನಲ್ಲೇ ಕೈಮುಗಿಯುತ್ತೇನೆ. ಮಗುವನ್ನು ಉಳಿಸಿ ಅದರ ತಾಯಿಯನ್ನು ಕಿತ್ತುಕೊಂಡಳಲ್ಲ ಎಂಬ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ.

ಚಿಕ್ಕಮ್ಮ ತೀರಿಕೊಂಡ ದಿನ ಅವಳನ್ನು ಕುಣಿಗೆ ಇಳಿಸಿದ ಮೇಲೆ ಪಾದ್ರಿಗಳು, "ಮಕ್ಕಳಿದ್ದರೆ ಮೊದಲು ಮಣ್ಣು ಹಾಕಿ" ಎಂದರು.

"ಅಕ್ಕಂಗೆ ಮಕ್ಕಳಿಲ್ಲ, ಅಯ್ಯನೋರೇ" ಎಂದ ದಾವೀದ, ಬೇರೆಯವರಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದು ನಿಂತ.